ಕಿನ್ನರಿಯ ಕೈಹಿಡಿಯುವವರಿಗೆ ಸೂಚನೆಗಳು

ಬಳಸುವ ಮುನ್ನ ಪೂರ್ತಿ ಓದಿಕೊಳ್ಳಿ. ನೀವು ಓದುವುದಿಲ್ಲವೆಂದು ಗೊತ್ತು. ಓದದೆ ಹೆಂಡತಿ, ದನಕರು ಎಲ್ಲ ಕಳಕೊಂಡವರ ಕಥೆಗಳೇ ಈ ಕೈಪಿಡಿಗೆ ಆಧಾರ.

ಯಾರಿಗೆ? ಸಾರಾ ಜೆ. ಮಾಸ್, ಹಾಲಿ ಬ್ಲ್ಯಾಕ್ ಇವರ ಕಾದಂಬರಿಗಳನ್ನು ರಾತ್ರಿಯಿಡೀ ಓದಿ, ಚೂಪುಕಿವಿಯ ರಾಜಕುಮಾರನಿಗೆ ಮನಸೋತವರಿಗೆ. ಆ ಪುಸ್ತಕಗಳು ಮಾಲಿನ ಜಾಹೀರಾತು. ಬಳಕೆಯ ವಿಧಾನ ಇರುವುದು ಬ್ರಿಟನ್, ಐರ್ಲೆಂಡುಗಳ ಹಳೆಯ ಕಥೆಗಳಲ್ಲಿ.

ಷರತ್ತು ಕೇಳಿಸಿಕೊಳ್ಳಿ. ಷರತ್ತಿಲ್ಲದ ಕಿನ್ನರಿ ಇಲ್ಲ. ಉರ್ವಶಿ ಪುರೂರವನ ಮುಂದೆ ಇಟ್ಟದ್ದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫ್ರಾನ್ಸಿನ ಮೆಲುಸೀನ್ ಕೇಳಿದ್ದು ಇಷ್ಟೇ: ಶನಿವಾರ ನನ್ನನ್ನು ನೋಡಬೇಡ. ಗಂಡ ಇಣುಕಿದ.

ಮಾದರಿಗೆ ವೇಲ್ಸಿನ ಲಿನ್ ಎ ವಾನ್ ವಾಖ್ ಕೆರೆಯ ಪ್ರಕರಣ. ದನ ಕಾಯುತ್ತಿದ್ದ ಹುಡುಗನೊಬ್ಬ ನೀರಿನ ಮೇಲೆ ಕೂತಿದ್ದವಳಿಗೆ ಬುತ್ತಿಯ ರೊಟ್ಟಿ ಚಾಚಿದ. ತೀರಾ ಗಟ್ಟಿ ಅಂದಳು. ಮರುದಿನ ಹಸಿ ಹಿಟ್ಟು ಒಯ್ದ, ಅದೂ ಬೇಡವಾಯಿತು. ಮೂರನೆಯ ಸಲ ಹದವಾಗಿ ಬೆಂದದ್ದಕ್ಕೆ ಒಲಿದಳು. (ಅಡುಗೆ ಬಾರದವರು ಇಲ್ಲೇ ಕೈಪಿಡಿ ಮುಚ್ಚಬಹುದು.) ಒಂದೇ ಉಸಿರಿನಲ್ಲಿ ಎಣಿಸಿದಷ್ಟು ದನ, ಕುರಿ, ಮೇಕೆ, ಕುದುರೆ ತವರಿನ ಬಳುವಳಿ. ಒಂದು ಎರಡು ಮೂರು ನಾಲ್ಕು ಐದು, ಮತ್ತೆ ಒಂದು ಎರಡು ಎಂದು ಐದೈದರ ಲೆಕ್ಕದಲ್ಲಿ ಉಸಿರು ಕಟ್ಟುವವರೆಗೂ ಎಣಿಸಿದಳು. ಜಾಣೆ. ಷರತ್ತು ಒಂದೇ: ಕಾರಣವಿಲ್ಲದೆ ಮೂರು ಸಲ ಹೊಡೆದರೆ ಹೊರಟುಹೋಗುತ್ತೇನೆ.

ಇಲ್ಲಿ ಎಚ್ಚರ. ಹೊಡೆತ ಅಂದರೇನು ಎಂದು ಮೊದಲೇ ಕೇಳಿಕೊಳ್ಳಿ. ನಾಮಕರಣಕ್ಕೆ ಹೊರಡಲು ತಡಮಾಡಿದಳೆಂದು ಕೈಗವಸಿನಿಂದ ಭುಜ ತಟ್ಟಿದ, ಒಂದು. ಮದುವೆಮನೆಯಲ್ಲಿ ಅತ್ತಳು, ಯಾಕೆಂದು ಮೆಲ್ಲಗೆ ತಟ್ಟಿ ಕೇಳಿದ, ಎರಡು. ಸಾವಿನ ಮನೆಯಲ್ಲಿ ನಕ್ಕಳು, ಸುಮ್ಮನಿರೆಂದು ಮುಟ್ಟಿದ, ಮೂರು. ಅವಳು ದನಗಳನ್ನು ಹೆಸರು ಹಿಡಿದು ಕರೆದಳು. ಕೊಯ್ದು ಕೊಕ್ಕೆಗೆ ನೇತುಹಾಕಿದ್ದ ಕಪ್ಪು ಕರು ಕೂಡ ಇಳಿದು ಬಂತು. ಹೊಲ ಉಳುತ್ತಿದ್ದ ಎತ್ತುಗಳು ನೇಗಿಲ ಸಮೇತ ಕೆರೆಗಿಳಿದವು. ಗಂಡನ ಪಾಲಿಗೆ ಉಳಿದವರು ಗಂಡುಮಕ್ಕಳು ಮಾತ್ರ. ಅವರೇ ಮುಂದೆ ಮಿದ್‌ವೈ ಊರಿನ ಹೆಸರಾಂತ ವೈದ್ಯರಾದರೆಂದು ಕಥೆ.

ಅತ್ತೆಮನೆಗೆ, ಅಂದರೆ ಕಿನ್ನರಲೋಕಕ್ಕೆ, ಹೋಗುವುದಾದರೆ ವಾಚು ನಂಬಬೇಡಿ. ಐರ್ಲೆಂಡಿನ ಕಥೆಯ ಅಷೀನ್, ನೀವ್ ಎಂಬ ಕಿನ್ನರಿಯ ಜೊತೆ ಅಲ್ಲಿ ಮೂರು ವರ್ಷ ಇದ್ದೆನೆಂದುಕೊಂಡಿದ್ದ. ಊರಲ್ಲಿ 300 ವರ್ಷ ಕಳೆದಿತ್ತು. ನೋಡಿಕೊಂಡು ಬರಲು ಹೋದವನು ಕುದುರೆಯಿಂದ ಇಳಿಯಕೂಡದಿತ್ತು. ಜೀನಿನ ಪಟ್ಟಿ ಕಿತ್ತು ನೆಲಕ್ಕೆ ಬಿದ್ದ, ಆ ಕ್ಷಣವೇ ಹಣ್ಣುಮುದುಕ.

ಪ್ರಿಯಕರನನ್ನೇ ಕಿನ್ನರರಿಂದ ಬಿಡಿಸಿ ತರುವ ಹೆಣ್ಣುಮಕ್ಕಳು ಸ್ಕಾಟ್ಲೆಂಡಿನ ಟ್ಯಾಮ್ ಲಿನ್ ಲಾವಣಿಯ ಜಾನೆಟ್‌ಳನ್ನು ಅನುಸರಿಸಿ. ಹ್ಯಾಲೋವೀನ್ ನಡುರಾತ್ರಿ ಅವನನ್ನು ಕುದುರೆಯಿಂದೆಳೆದು ತಬ್ಬಿಕೊಳ್ಳಬೇಕು. ಅವನು ಹಾವಾಗುತ್ತಾನೆ, ಕರಡಿಯಾಗುತ್ತಾನೆ, ಕೆಂಡವಾಗುತ್ತಾನೆ. ಬಿಡಕೂಡದು. ಜಾನೆಟ್ ಆಗ ಬಸುರಿ ಬೇರೆ.

ಹೊಸ ಮಾದರಿಗಳ ಬಗ್ಗೆ ಒಂದು ಮಾತು. ಮಾಸ್ ತಮ್ಮ 2015ರ ಕಾದಂಬರಿಯ ಕೊನೆಗೆ ನಾಯಕಿಯನ್ನೇ ಕಿನ್ನರಿಯಾಗಿಸಿ ತೊಡಕು ಬಗೆಹರಿಸಿಬಿಡುತ್ತಾರೆ. ಸುಲಭದ ದಾರಿ, ನನಗೆ ಒಗ್ಗಲಿಲ್ಲ. ಬ್ಲ್ಯಾಕ್ 2018ರ ‘ದ ಕ್ರೂಯಲ್ ಪ್ರಿನ್ಸ್’ನಲ್ಲಿ ನಾಯಕಿ ಜೂಡ್‌ಳನ್ನು ಮನುಷ್ಯಳಾಗಿಯೇ ಉಳಿಸಿದ್ದಾರೆ. ಅಲ್ಲಿ ಕಿನ್ನರರಿಗೆ ಸುಳ್ಳು ಹೇಳಲಾಗದು, ಅವಳಿಗೆ ಆಗುತ್ತದೆ. ಅದೇ ಅವಳ ಆಯುಧ. ಕೊಳ್ಳುವುದಾದರೆ ಇದನ್ನು ಕೊಳ್ಳಿ.

ವಾರಂಟಿ ಇಲ್ಲ. ದೂರು ಕೊಡುವ ಮುನ್ನ ಮಾತು ತಪ್ಪಿದ್ದು ಯಾರೆಂದು ನೋಡಿಕೊಳ್ಳಿ. ಮೇಲೆ ಹೇಳಿದ ಯಾವ ಮದುವೆಯಲ್ಲೂ ಅದು ಕಿನ್ನರಿಯಲ್ಲ.