ಖಾರ ಎಷ್ಟು, ಮಕ್ಕಳೆಷ್ಟು?

ಅಮೆರಿಕದ ಹೋಟೆಲಿನಲ್ಲಿ ಊಟ ಸಿಗಬೇಕಾದರೆ ಮೊದಲು ಮೌಖಿಕ ಪರೀಕ್ಷೆ ಪಾಸಾಗಬೇಕು. ಬ್ರೆಡ್ ಬಿಳಿಯದೋ, ಗೋಧಿಯದೋ? ಮೊಟ್ಟೆಯ ಹಳದಿ ಗಟ್ಟಿಯಾಗಿರಬೇಕೋ, ಹರಿಯುತ್ತಿರಬೇಕೋ? ಸೊಪ್ಪಿನ ಮೇಲೆ ಸುರಿಯುವುದು ಇಟಾಲಿಯನ್ನೋ, ರಾಂಚೋ? ನೀರಿಗೆ ಐಸ್ ಬೇಕೋ, ಬೇಡವೋ? ಎಲ್ಲಕ್ಕೂ ಉತ್ತರ ಕೊಟ್ಟು ನಾನು ಹಣೆ ಒರೆಸಿಕೊಳ್ಳುವ ಹೊತ್ತಿಗೆ, ಆ ಹುಡುಗಿ ನಗುನಗುತ್ತ ನನ್ನ ಹೆಂಡತಿಯ ಕಡೆ ತಿರುಗಿ ಅದೇ ಪ್ರಶ್ನೆಪತ್ರಿಕೆಯನ್ನು ಮೊದಲಿನಿಂದ ಓದತೊಡಗುತ್ತಾಳೆ.

ಇದು ಬಿಳಿಯರ ಹೋಟೆಲಿನ ಕಷ್ಟ, ನಮ್ಮವರ ಹೋಟೆಲಿಗೆ ಹೋದರೆ ಪಾರಾಗಬಹುದು ಎಂದು ನ್ಯೂಜೆರ್ಸಿಯ ಎಡಿಸನ್ನಿನಲ್ಲಿರುವ ಓಕ್ ಟ್ರೀ ರೋಡಿಗೆ ಹೋದರೆ, ಅಲ್ಲೂ ಬಿಡುಗಡೆಯಿಲ್ಲ. ಮಸಾಲೆ ದೋಸೆ ಅಂದ ಕೂಡಲೇ, 'ಖಾರ ಎಷ್ಟು? ಒಂದರಿಂದ ಐದರೊಳಗೆ ಹೇಳಿ' ಅನ್ನುತ್ತಾರೆ. ನನ್ನ ಹೆಂಡತಿ ಜಂಬದಿಂದ 'ಐದು' ಅನ್ನುತ್ತಾಳೆ. ಅಡುಗೆಯವರು ಅವಳನ್ನು ನಂಬದೆ ಎರಡು ಹಾಕುತ್ತಾರೆ. ತಿನ್ನುವಾಗ ಬಂದು ಬಂದು 'ಎಲ್ಲ ಹೇಗಿದೆ?' ಎಂದು ವಿಚಾರಿಸುತ್ತಾರೆ. 'ಎಲ್ಲ ಅಂದ್ರೆ ಏನ್ರೀ, ದೋಸೆನೋ, ಸಂಸಾರನೋ?' ಎಂದು ಇವಳು ನನ್ನನ್ನು ಕನ್ನಡದಲ್ಲಿ ಕೇಳುತ್ತಾಳೆ. ಕೊನೆಗೆ ಬಿಲ್ಲಿನ ಪರದೆಯನ್ನು ನಮ್ಮ ಕಡೆ ತಿರುಗಿಸುತ್ತಾರೆ. ಟಿಪ್ಸು 18 ಪರ್ಸೆಂಟೋ, 20ಓ, 22ಓ? ನಾನು ಬೆರಳು ಎಲ್ಲಿ ಇಡುತ್ತೇನೆ ಎಂಬುದನ್ನು ಬಿಟ್ಟು ಇನ್ನೆಲ್ಲವನ್ನೂ ನೋಡುತ್ತ ಆ ಹುಡುಗ ನಿಂತಿರುತ್ತಾನೆ.

ಒಟ್ಟಿನಲ್ಲಿ ಅಲ್ಲಿ ನಡೆಯುವುದು ತಿನ್ನುವ ಪದಾರ್ಥದ ವಿಚಾರಣೆ. ತಿನ್ನುವವರು ಯಾರು, ಎಲ್ಲಿಯವರು, ಯಾಕೆ ಹೀಗಾದರು ಎಂಬುದು ಯಾರಿಗೂ ಬೇಕಿಲ್ಲ. ನಮ್ಮ ಕಡೆ ಹಾಗಲ್ಲ. ಕೊಳ್ಳೇಗಾಲ, ಯಳಂದೂರು, ಹನೂರಿನ ಹೋಟೆಲುಗಳಲ್ಲಿ ತಿಂಡಿಯ ಬಗ್ಗೆ ಯಾರೂ ಏನೂ ಕೇಳುವುದಿಲ್ಲ. ಕೇಳುವುದೆಲ್ಲ ತಿನ್ನುವವರ ಬಗ್ಗೆ.

ಇಲ್ಲಿ ನಮ್ಮ ದಾಂಪತ್ಯದ ಭೂಗೋಳವನ್ನು ಸ್ವಲ್ಪ ಹೇಳಬೇಕು. ನಾನು ಕೊಳ್ಳೇಗಾಲದವನು, ನನ್ನ ಹೆಂಡತಿ ಯಳಂದೂರಿನವಳು. ಮಾಂಬಳ್ಳಿ ದಾಟಿದರೆ ಯಳಂದೂರು ಬಂದೇಬಿಟ್ಟಿತು. ಎಡಿಸನ್ನಿನಲ್ಲಿ ಕರಿಬೇವು ತರುವುದಕ್ಕೆ ನಾವು ಇದಕ್ಕಿಂತ ದೂರ ಹೋಗುತ್ತೇವೆ. ಆದರೂ ನಮ್ಮತ್ತೆಯವರ ಲೆಕ್ಕದಲ್ಲಿ ಇದು ಪರದೇಶದ ಸಂಬಂಧ. ಅವರ ಮಾತಿಗೆ ಚರಿತ್ರೆಯ ಆಧಾರವೂ ಇದೆ. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆಗುವವರೆಗೆ ಕೊಳ್ಳೇಗಾಲ ಇದ್ದದ್ದು ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿ. ಯಳಂದೂರು ಅಪ್ಪಟ ಮೈಸೂರು ಸೀಮೆ, ಅದರಲ್ಲೂ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು. ಹಾಗಾಗಿ ನನ್ನ ಹೆಂಡತಿ ಮೊದಲು ಹೊರನಾಡಿಗೆ ಹೋದದ್ದು ನ್ಯೂಜೆರ್ಸಿಗಲ್ಲ, ಕೊಳ್ಳೇಗಾಲಕ್ಕೆ.

'ನಮ್ಮದು ದಿವಾನರ ಜಹಗೀರು' ಎಂದು ಅವಳು ಶುರುಮಾಡಿದರೆ, 'ನಮ್ಮದು ರೇಷ್ಮೆ, ನಿನ್ನ ಮದುವೆ ಸೀರೆ ಎಲ್ಲಿಯದು?' ಎಂದು ನಾನು ಏರಿಸುತ್ತೇನೆ. ಆದರೆ ಕನ್ನಡ ಕೂಟದಲ್ಲಿ ನಮ್ಮ ರೇಷ್ಮೆಯನ್ನು ಕೇಳುವವರಿಲ್ಲ. ಕೊಳ್ಳೇಗಾಲ ಅಂದರೆ ಅರ್ಧ ಜನ 'ವೀರಪ್ಪನ್ ಕಡೆಯವರಾ?' ಅನ್ನುತ್ತಾರೆ. ಅವನು 2004ರಲ್ಲೇ ಸತ್ತದ್ದು ಅವರಿಗೂ ಗೊತ್ತು. ಇನ್ನರ್ಧ ಜನ ದನಿ ತಗ್ಗಿಸಿ 'ನಿಮಗೆ ಮಾಟ ಗೀಟ ಬರುತ್ತಾ?' ಅನ್ನುತ್ತಾರೆ. ಒಮ್ಮೆ ಯುಗಾದಿಗೆ ಪ್ರತಿ ಮನೆಯಿಂದಲೂ ಒಂದೊಂದು ಅಡುಗೆ ತರಬೇಕೆಂದಾಗ ನಾನು ನಿಂಬೆಹಣ್ಣಿನ ಚಿತ್ರಾನ್ನ ಒಯ್ದೆ. ಪಾತ್ರೆ ತುಂಬಿದ್ದು ತುಂಬಿದ ಹಾಗೇ ವಾಪಸು ಬಂತು.

ಈ ಸಲ ರಜೆಗೆ ಬಂದಾಗ ಪಂದ್ಯ ಹೋಟೆಲಿನ ಮೇಲೆ ಬಿತ್ತು. ಯಾರೂರ ಹೋಟೆಲು ಮೇಲು? ಮೊದಲ ಸರದಿ ಕೊಳ್ಳೇಗಾಲದ್ದು.

ಊರಿಗೆ ಬಂದ ಮಗ ಹೋಟೆಲಿನಲ್ಲಿ ತಿನ್ನುವುದೆಂದರೆ ನಮ್ಮ ಕಡೆ ಅಮ್ಮನ ಮೇಲೆ ಅವಿಶ್ವಾಸ ನಿರ್ಣಯ ಮಂಡಿಸಿದಂತೆಯೇ. 'ನಾನಿನ್ನೂ ಬದುಕಿವ್ನಿ ಕನಪ್ಪ' ಅನ್ನುತ್ತಾಳೆ. ಅದಕ್ಕೇ ಬ್ಯಾಂಕಿಗೆ ಹೋಗಿ ಬರುತ್ತೇವೆಂದು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದೆವು. ಹೋಟೆಲಿನ ಹುಡುಗ ಬಂದು ನಿಂತು, 'ಇಡ್ಲಿ ವಡೆ ಪೂರಿ ದೋಸೆ ಸೆಟ್‌ದೋಸೆ ಮಸಾಲೆ ಖಾರಾಬಾತ್ ಕೇಸರಿಬಾತ್ ಪಲಾವು' ಎಂದು ಒಂದೇ ಉಸಿರಿಗೆ ಮುಗಿಸಿದ. ನಾನು 'ಮಸಾಲೆ' ಅಂದೆ. ನನ್ನ ಹೆಂಡತಿಗೆ ಎಡಿಸನ್ನಿನ ಅಭ್ಯಾಸ. 'ನನಗೂ ಮಸಾಲೆ, ಆದ್ರೆ ಎಣ್ಣೆ ಕಡಿಮೆ, ಕೆಂಪು ಚಟ್ನಿ ಒಂದು ಬದಿಗೆ ಮಾತ್ರ, ಪಲ್ಯ ಬೇರೆ ಬಟ್ಟಲಲ್ಲಿ' ಎಂದಳು. ಹುಡುಗ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿಸಿಕೊಂಡ. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದ: 'ಎರಡು ಮಸಾಲೆ! ಒಂದು ಪೇಷೆಂಟ್‌ಗೆ!'

ಹೋಟೆಲಿಗೆ ಹೋಟೆಲೇ ಮರುಕದಿಂದ ನಮ್ಮ ಕಡೆ ನೋಡಿತು. ಜಾಗವಿಲ್ಲದೆ ನಮ್ಮ ಮೇಜಿನಲ್ಲೇ ಕೂತಿದ್ದ ಯಜಮಾನರೊಬ್ಬರು ಇಡ್ಲಿ ಮುರಿಯುವುದನ್ನು ನಿಲ್ಲಿಸಿದರು.

'ಏನಾಗದವ್ವ? ಸುಗರಾ?'

'ಇಲ್ಲ ಅಜ್ಜ, ಅಮೆರಿಕ.'

'ಅಯ್ಯೋ ಪಾಪ' ಎಂದರು.

ಅಲ್ಲಿಂದ ವಿಚಾರಣೆ ಶುರುವಾಯಿತು. ಯಾವ ಬೀದಿ, ಯಾರ ಮಗ, ಮಕ್ಕಳೆಷ್ಟು, ಒಂದೇ ಯಾಕೆ, ಅಲ್ಲಿ ಸ್ವಂತ ಮನೆಯೋ ಬಾಡಿಗೆಯೋ, ಅಪ್ಪನ ಜಮೀನು ಯಾರು ನೋಡಿಕೊಳ್ಳುತ್ತಾರೆ? 'ಎಚ್-1ಬಿನಾ, ಗ್ರೀನ್ ಕಾರ್ಡಾ? ನಮ್ಮ ಷಡ್ಡಕನ ಮಗಂದು ಐ-140 ಆಗಿ ಕುಂತದೆ.' ವೀಸಾ ಕೊಟ್ಟ ಅಧಿಕಾರಿ ಕೂಡ ನನ್ನನ್ನು ಇಷ್ಟು ಆಳಕ್ಕೆ ಇಳಿದು ಕೇಳಿರಲಿಲ್ಲ. ನಡುವೆ ದೋಸೆ ಬಂತು. ಎರಡೂ ಒಂದೇ ಥರ ಎಣ್ಣೆಯಲ್ಲಿ ಮಿಂದು ಕೆಂಪಗೆ ಗರಿಗರಿಯಾಗಿದ್ದವು. ಪೇಷೆಂಟು ಮೊದಲು ತಿಂದು ಮುಗಿಸಿದಳು.

ಗಲ್ಲಾದ ಹತ್ತಿರ ನಾನು ಪಾಸ್‌ಪೋರ್ಟಿನ ಚೀಲದಿಂದ ಜೋಪಾನವಾಗಿ ಒಂದು ನೋಟು ತೆಗೆದೆ. ಗುಲಾಬಿ ಬಣ್ಣದ ಎರಡು ಸಾವಿರದ ನೋಟು. ರಿಸರ್ವ್ ಬ್ಯಾಂಕ್ ಅದನ್ನು 2023ರ ಮೇ ತಿಂಗಳಲ್ಲೇ ಚಲಾವಣೆಯಿಂದ ಹಿಂದಕ್ಕೆ ತೆಗೆದುಕೊಳ್ಳುವುದಾಗಿ ಹೇಳಿತ್ತು. ಗಲ್ಲಾದವರು ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದ ಮೊಮ್ಮಗನಿಗೆ ತೋರಿಸಿದರು. 'ನೋಡ್ಲಾ, ಹಿಂಗಿತ್ತು.' ನನಗೆ ವಾಪಸು ಕೊಟ್ಟು, 'ಫೋನ್‌ಪೇ ಮಾಡಿ ಸಾ' ಎಂದರು. ನನ್ನ ಫೋನು ನ್ಯೂಜೆರ್ಸಿಯದು, ಅದಕ್ಕೆ ಆ ವಿದ್ಯೆ ಇನ್ನೂ ಬಂದಿಲ್ಲ. ಕಾರ್ಡ್ ತೋರಿಸಿದರೆ ಅದನ್ನು ಎಲ್ಲಿ ಉಜ್ಜುತ್ತೀರಿ ಎನ್ನುವಂತೆ ನಕ್ಕರು. ಅಷ್ಟರಲ್ಲಿ ಐ-140ರ ಯಜಮಾನರು ಹಿಂದಿನಿಂದ ಕೈ ಚಾಚಿ ತಮ್ಮ ಫೋನನ್ನು ಗೋಡೆಯ ಚೌಕಕ್ಕೆ ಹಿಡಿದರು. ಡಬ್ಬಿ ಕನ್ನಡದಲ್ಲಿ ಹಣ ಬಂತೆಂದು ಸಾರಿತು. 'ಬುಡಿ ಸಾ, ಪೇಷೆಂಟ್ ಕರ್ಕ ಬಂದಿದ್ದೀರ' ಎಂದು ಹೊರಟೇ ಹೋದರು.

ಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. 'ಬ್ಯಾಂಕಲ್ಲಿ ಮಸಾಲೆ ಚೆಂದಾಗಿ ಕೊಡ್ತಾರಂತೆ?'

ಮಾರನೆಯ ದಿನ ಯಳಂದೂರು. 'ನಮ್ಮೂರಲ್ಲಿ ಇಂಥ ಅವಮಾನ ಆಗಲ್ಲ, ನೋಡ್ತಿರಿ' ಎಂದು ಇವಳು ಮುಂದೆ ಮುಂದೆ ನಡೆದಳು. ಅದೊಂದು ಮುದ್ದೆ ಹೋಟೆಲು. ಬೋರ್ಡಿನಲ್ಲಿ ಏನೇನೋ ಬರೆದಿದ್ದರೂ ಒಳಗೆ ಸಿಗುವುದು ಆ ಹೊತ್ತಿಗೆ ಬೆಂದದ್ದು ಮಾತ್ರ. ಅಂದು ಬೆಂದದ್ದು ಉಪ್ಸಾರು. ಒಂದರಿಂದ ಐದರವರೆಗೆ ಖಾರ ಅಳೆಯುವ ಅಮೆರಿಕದವರಿಗೆ ನಮ್ಮ ಉಪ್ಸಾರಿನ ಮರ್ಮ ಯಾರಾದರೂ ಹೇಳಿಕೊಡಬೇಕು. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿಗೆ ಬರೀ ಉಪ್ಪು. ಖಾರ ಅರೆದು ಬೇರೆ ಇಟ್ಟಿರುತ್ತಾರೆ. ಎಷ್ಟು ಕಲಸಿಕೊಳ್ಳಬೇಕೆಂಬುದು ಅವರವರ ಧೈರ್ಯಕ್ಕೆ ಬಿಟ್ಟದ್ದು. ಬಡಿಸುವವರು ಏನೂ ಕೇಳಬೇಕಿಲ್ಲ, ಉಣ್ಣುವವರು ಯಾರನ್ನೂ ದೂರಬೇಕಿಲ್ಲ.

ಹೋಟೆಲಿನ ಯಜಮಾನಿ ಇವಳನ್ನು ನೋಡಿದ ಕೂಡಲೇ, 'ಏನವ್ವಾ, ಯಾವಾಗ ಬಂದೆ? ಯಾಕವ್ವ ಹಿಂಗ್ ಸೊರಗೋದೆ?' ಎಂದಳು. ಎಡಿಸನ್ನಿನ ತೂಕದ ಯಂತ್ರ ಬೇರೆಯೇ ಹೇಳುತ್ತದೆ, ಆದರೆ ನಾನು ಬಾಯಿ ಬಿಡಲಿಲ್ಲ. ನನ್ನ ಕಡೆ ತಿರುಗಿದ ಯಜಮಾನಿ ಸೆರಗು ಸರಿಮಾಡಿಕೊಂಡು ಒಂದು ಮುದ್ದೆ ಇಟ್ಟಳು. ಅದನ್ನು ಅರ್ಧ ನುಂಗುವಷ್ಟರಲ್ಲಿ ಇನ್ನೊಂದು ಇಟ್ಟಳು. ಊರ ಅಳಿಯ ಬೇಡ ಅನ್ನುವಂತಿಲ್ಲ. ಅಂದರೆ ಅದು ನಾಚಿಕೆ ಎಂದು ತಿಳಿದು ಮೂರನೆಯದು ಬರುತ್ತದೆ. ನನ್ನ ಪಾಡು ಕಂಡ ಹೆಂಡತಿ, 'ಉಳಿದದ್ದನ್ನ ಬಾಕ್ಸಿಗೆ ಹಾಕಿಕೊಡಿ' ಎಂದುಬಿಟ್ಟಳು. ಯಜಮಾನಿಯ ಸೌಟು ಅಲ್ಲೇ ನಿಂತಿತು. 'ಅಳಿಮಯ್ಯಂಗೆ ಇಷ್ಟ ಆಗ್ನಿಲ್ವಾ?' ಎಂದಳು. ಕಣ್ಣಲ್ಲಿ ನೀರಿತ್ತೋ ಒಲೆಯ ಹೊಗೆಯೋ ತಿಳಿಯಲಿಲ್ಲ. ನಾನು ಎರಡನೆಯದನ್ನು ಪೂರ್ತಿ ಮುಗಿಸಿ, ಗೋಡೆ ಹಿಡಿದು ಎದ್ದೆ. ದುಡ್ಡು ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ.

'ನಮ್ಮೂರು ಗೆದ್ದಿತು' ಎಂದಳು ಇವಳು.

'ನಮ್ಮೂರಲ್ಲೂ ದುಡ್ಡು ಕೊಡಲಿಲ್ಲವಲ್ಲ.'

'ನಿಮ್ಮೂರಲ್ಲಿ ಪಾಪ ಅಂತ ಬಿಟ್ಟರು, ನಮ್ಮೂರಲ್ಲಿ ಪ್ರೀತಿಗೆ ಬಿಟ್ಟರು.'

ಅಲ್ಲಿಂದ ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದೆವು. ತಮ್ಮ ಹುಡುಗಿ ಕುಸುಮಾಲೆಯನ್ನು ಮದುವೆಯಾದವನೆಂದು ಸೋಲಿಗರು ರಂಗನಾಥನನ್ನು ಭಾವ ಎಂದೇ ಕರೆಯುತ್ತಾರೆ. ದೇವರನ್ನೇ ಅಳಿಯನನ್ನಾಗಿ ಮಾಡಿಕೊಂಡ ಸೀಮೆ ಇದು. ಅವನ ಹೆಜ್ಜೆಗೆ ದೊಡ್ಡ ಚಪ್ಪಲಿ ಮಾಡಿಸಿ ಒಪ್ಪಿಸುವ ಪದ್ಧತಿಯೂ ಉಂಟು. ಎಷ್ಟು ಮುದ್ದೆ ತಿನ್ನಿಸಿ ಕಳಿಸುತ್ತಿದ್ದರೋ ಎಂದು ಕೈಮುಗಿಯುತ್ತಲೇ ಅವನ ಮೇಲೆ ಅನುಕಂಪ ಬಂತು.

ಸೋಮವಾರ ಹನೂರು. ನನ್ನ ತಂಗಿಯನ್ನು ಕೊಟ್ಟದ್ದು ಅಲ್ಲಿಗೆ. ಹನೂರು ಬಹುಕಾಲ ಕೊಳ್ಳೇಗಾಲ ತಾಲ್ಲೂಕಿಗೇ ಸೇರಿತ್ತು. 2017ರ ಬಜೆಟ್ಟಿನಲ್ಲಿ ಅದೂ ತಾಲ್ಲೂಕೆಂದು ಘೋಷಣೆಯಾದ ಮೇಲೆ ಭಾವನ ನಡಿಗೆಯೇ ಬದಲಾಗಿದೆ. 'ನಮ್ಮ ತಾಲ್ಲೂಕಲ್ಲಿ ಊಟ ನೋಡಿ' ಎಂದು ಮಿಲಿಟರಿ ಹೋಟೆಲಿನ ನಾಟಿಕೋಳಿಯನ್ನು ವಾರದಿಂದ ಫೋನಿನಲ್ಲಿ ವರ್ಣಿಸುತ್ತಿದ್ದರು. ನಾವು ಹೋಗಿ ಇಳಿದ ಮೇಲೆ ತಂಗಿಗೆ ನೆನಪಾಯಿತು: 'ಇವತ್ತು ಸೋಮ್ವಾರ.' ಸೋಮವಾರ ಮಾದಪ್ಪನ ವಾರ. ಮಲೆ ಮಹದೇಶ್ವರನ ಒಕ್ಕಲಿನ ಮನೆಗಳಲ್ಲಿ ಅಂದು ಕೋಳಿಯ ಹೆಸರನ್ನೂ ಎತ್ತುವಂತಿಲ್ಲ. ಭಾವ ತಲೆ ಕೆರೆದುಕೊಂಡು, 'ಹಂಗಾರೆ ಒಡೆಯರಪಾಳ್ಯಕ್ಕೆ ನಡೀರಿ' ಎಂದು ಕಾರು ಹತ್ತಿಸಿದರು.

ಲೊಕ್ಕನಹಳ್ಳಿ ದಾಟಿ ಒಡೆಯರಪಾಳ್ಯ ಮುಟ್ಟಿದರೆ ಅಲ್ಲಿ ಬೇರೆಯೇ ದೇಶ. ಬಣ್ಣಬಣ್ಣದ ಪ್ರಾರ್ಥನೆಯ ಬಾವುಟ, ಬೌದ್ಧ ಮಠ, ಕಡುಗೆಂಪು ಬಟ್ಟೆಯ ಭಿಕ್ಷುಗಳು. ಟಿಬೆಟ್ ಬಿಟ್ಟು ಬಂದವರಿಗಾಗಿ 1970ರ ದಶಕದಲ್ಲಿ ಮಾಡಿಕೊಟ್ಟ ನೆಲೆ. ನಮ್ಮ ಮಗ ಭಾರತಕ್ಕೆ ಬಂದಮೇಲೆ ಮೊದಲ ಸಲ ಮುಖ ಅರಳಿಸಿದ. ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್‌ನಲ್ಲಿ ಮೊಮೊ ತಿಂದು ಬೆಳೆದವನು. ಮಾದಪ್ಪನ ಕಾಡಿನಲ್ಲಿ ತನ್ನೂರಿನ ತಿಂಡಿ ಸಿಕ್ಕಿತಲ್ಲ ಎಂದು ಅವನಿಗೆ ಖುಷಿ.

ಸಣ್ಣ ಹೋಟೆಲು. ಇಟ್ಟುಕೊಂಡಿದ್ದಾಕೆ ಟಿಬೆಟಿನವಳು, ಹುಟ್ಟಿದ್ದು ಇಲ್ಲೇ. ಮಗ ಇಂಗ್ಲಿಷಿನಲ್ಲಿ ಏನೇನೋ ಕೇಳುತ್ತಿದ್ದಂತೆ ಆಕೆ ನನ್ನ ಕಡೆ ನೋಡಿ, 'ಕುಂತ್ಕಳಿ ಸಾ. ಸೋಮ್ವಾರ ಅಲ್ವಾ, ವೆಜ್ಜೇ ತಾನೆ?' ಎಂದಳು. ನಾನು ದಂಗಾದೆ.

'ಯಾವೂರು ಸಾ ನಿಮ್ದು?'

'ಕೊಳ್ಳೇಗಾಲ.'

'ಕೊಳ್ಳೇಗಾಲ್ದೋರು ಹಿಂಗ್ ಮಾತಾಡಲ್ಲ' ಎಂದು ಅನುಮಾನದಿಂದ ನೋಡಿದಳು.

ಬಿಸಿ ಹಬೆಯಾಡುವ ಮೊಮೊ ಬಂತು, ಜೊತೆಗೆ ಕೆಂಪು ಚಟ್ನಿ. ಖಾರ ಎಷ್ಟಿರಬೇಕೆಂದು ಕೇಳಲಿಲ್ಲ. ಮಕ್ಕಳೆಷ್ಟೆಂದು ಕೇಳಿದಳು. ಒಂದೇ ಯಾಕೆ ಎಂದೂ ಕೇಳಿದಳು. ನಾವಿರುವುದು ನ್ಯೂಜೆರ್ಸಿಯಲ್ಲಿ ಎಂದು ಗೊತ್ತಾದ ಮೇಲೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು. ಆಕೆಯ ತಮ್ಮ ಇರುವುದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ.

'ಅಲ್ಲಿ ರಾಗಿ ಹಿಟ್ಟು ಸಿಕ್ತದಾ ಅಕ್ಕಾ? ಅವ್ನಿಗೆ ಮುದ್ದೆ ಇಲ್ದೆ ಆಗಕಿಲ್ಲ. ಫೋನ್ ಮಾಡ್ದಾಗೆಲ್ಲ ಅದನ್ನೇ ಅಂತಾನೆ.'

ನನ್ನ ಹೆಂಡತಿ ತಿನ್ನುತ್ತಿದ್ದ ಮೊಮೊ ಕೆಳಗಿಟ್ಟಳು. ಸಿಗುತ್ತದೆ, ಇಂಡಿಯನ್ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ ಎಂದು ನಾನು ಹೇಳುವುದರೊಳಗೆ, 'ನೀವು ಕೊಡಿ, ನಾವು ತಲುಪಿಸ್ತೀವಿ' ಎಂದಾಗಿತ್ತು. ಎರಡು ಕೆಜಿ ಹಿಟ್ಟಿನ ಪೊಟ್ಟಣ ಬಂದು ನಮ್ಮ ಮೇಜಿನ ಮೇಲೆ ಕೂತಿತು. ಇಲ್ಲಿಯೂ ದುಡ್ಡು ತೆಗೆದುಕೊಳ್ಳಲಿಲ್ಲ.

ಕಾರಿನಲ್ಲಿ ಭಾವ ಮೀಸೆ ತಿರುವಿ, 'ಈಗ ಹೇಳಿ, ಯಾವ ತಾಲ್ಲೂಕು ಮೇಲು?' ಎಂದರು. ಜಹಗೀರೂ ರೇಷ್ಮೆಯೂ ಸುಮ್ಮನೆ ಕಿಟಕಿಯ ಹೊರಗೆ ನೋಡಿದವು.

ಸಂಜೆ ಕೊಳ್ಳೇಗಾಲಕ್ಕೆ ಬಂದರೆ ಸುದ್ದಿ ನಮಗಿಂತ ಮುಂಚೆ ಬಂದಿತ್ತು. 'ಅದೇನೋ ಬೇಯಿಸಿದ ಕಡುಬು ತಿಂದ್ರಂತೆ. ನಂಗೊಂದು ತರಕ್ಕಾಗ್ನಿಲ್ವಾ?' ಎಂದಳು ಅಮ್ಮ. ಅವಳ ಸಿಟ್ಟು ಹೋಟೆಲಿನ ಮೇಲೆ ಯಾವತ್ತೂ ಇರಲಿಲ್ಲ, ಕಟ್ಟಿಸಿಕೊಂಡು ಬರದೇ ಇದ್ದದ್ದರ ಮೇಲೆ ಎಂದು ನನಗೆ ಆಗ ತಿಳಿಯಿತು. ಹಿಟ್ಟಿನ ಕಥೆ ಕೇಳಿದ ಮೇಲೆ ಅವಳು ಒಳಗೆ ಹೋದಳು. 'ಎರಡು ಕೆಜಿ ಎಷ್ಟು ದಿನ ಬಂದಾತು? ಆ ಹುಡುಗ ಅಲ್ಲಿ ಏನ್ ಉಣ್ತಾನೋ' ಎಂದು ಇನ್ನೊಂದು ಪೊಟ್ಟಣ, ಹುರುಳಿಕಾಳು, ಉಪ್ಸಾರಿನ ಖಾರಕ್ಕೆಂದು ಒಣಮೆಣಸಿನಕಾಯಿ, ಎಲ್ಲವನ್ನೂ ತಂದು ನಮ್ಮ ಸೂಟ್‌ಕೇಸಿನಲ್ಲಿ ಅಡುಕಿದಳು. ಆ ಹುಡುಗನ ಹೆಸರನ್ನು ಕೂಡ ಅವಳು ಕೇಳಿರಲಿಲ್ಲ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತೂಕದ ಮುಳ್ಳು 23 ಕೆಜಿ ದಾಟಿ ಮೂರು ಕೆಜಿ ಮೇಲಕ್ಕೆ ಹೋಯಿತು. ಕೌಂಟರಿನ ಹುಡುಗಿ ತಲೆಯಾಡಿಸಿದಳು. ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿಕೊಂಡು ಕೂತೆವು. ಮೊದಲು ಹೊರಗೆ ಬಂದದ್ದು ನನ್ನ ಪುಸ್ತಕಗಳು, ಆಮೇಲೆ ಹೊಸದಾಗಿ ಹೊಲಿಸಿದ್ದ ಕೋಟು, ಆಮೇಲೆ ಶೂ.

'ಒಂದು ಹಿಟ್ಟಿನ ಪೊಟ್ಟಣ ತೆಗೆದರೆ ಶೂ ಉಳಿಯುತ್ತಲ್ಲೇ?' ಎಂದೆ ಮೆಲ್ಲಗೆ.

ಅವಳು ಪೊಟ್ಟಣವನ್ನು ಇನ್ನಷ್ಟು ಒಳಗೆ ತಳ್ಳಿ ಜಿಪ್ ಎಳೆದಳು. 'ಹಿಟ್ಟಿಗಾಗಿ ಅಲ್ಲಿ ಒಬ್ಬ ಕಾಯ್ತಿರ್ತಾನೆ ಕಣ್ರೀ. ನಿಮ್ಮ ಶೂಗೆ ಯಾರು ಕಾಯ್ತಾರೆ?'