ದೊಡ್ಡಮ್ಮನ ಹೆಬ್ಬೆರಳು

ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂಬ ಗಾದೆ ಕಟ್ಟಿದವನು ಊಟಕ್ಕೆ ಕೂತಿದ್ದವನೇ ಇರಬೇಕು. ಒಲೆಯ ಮುಂದೆ ಕೂತಿದ್ದವಳು ಕಟ್ಟಿದ್ದರೆ ಬೆಟ್ಟದ ಮಾತು ಬರುತ್ತಿರಲಿಲ್ಲ, ಮಣಿಕಟ್ಟಿನ ಮಾತು ಬರುತ್ತಿತ್ತು. ಕುದಿಯುವ ಎಸರಿಗೆ ರಾಗಿಹಿಟ್ಟು ಸುರಿದು, ಪಾತ್ರೆ ಜಾರದಂತೆ ಒತ್ತಿ ಹಿಡಿದು, ಗಂಟು ಉಳಿಯದಂತೆ ಕೋಲಿನಲ್ಲಿ ತಿರುವುವುದೆಂದರೆ ಗರಡಿಮನೆಯ ಕಸರತ್ತೇ. ನಮ್ಮ ಕೋಲಾರ ಸೀಮೆಯ ಹೆಂಗಸರು ಅದನ್ನು ಸೆರಗು ಸಿಕ್ಕಿಸಿಕೊಂಡು ಮಾಡುತ್ತಾರೆ, ಅಷ್ಟೆ.

ಶ್ರೀನಿವಾಸಪುರದ ಕಡೆಯ ನಮ್ಮ ದೊಡ್ಡಮ್ಮನಿಗೆ ಬಲಗೈ ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಪಕ್ಕಕ್ಕೆ, ನೋವು ಬಂತು. ಚೊಂಬು ಎತ್ತುವಂತಿಲ್ಲ, ಸೀರೆ ಹಿಂಡುವಂತಿಲ್ಲ. ಊರಿನಲ್ಲಿ ವೈದ್ಯಕ್ಕೇನು ಬರವೇ? ಒಬ್ಬರು "ನರ ಹಿಡ್ಕೊಂಡೈತೆ" ಅಂದರು. ಇನ್ನೊಬ್ಬರು ವಾಯು ಅಂದರು. ಪಕ್ಕದ ಮನೆಯಾಕೆ ತೆಲುಗಿನಲ್ಲಿ "ಬೆಣಿಕಿಂದಿ", ಅಂದರೆ ಉಳುಕಿದೆ, ಎಂದು ತೀರ್ಪು ಕೊಟ್ಟು, ಎಣ್ಣೆ ಹಚ್ಚಿ ಬಲವಾಗಿ ನೀವಿ, ನೋವನ್ನು ಇನ್ನಷ್ಟು ಕೆರಳಿಸಿ ಹೋದಳು. ಪುತ್ತೂರು ಕಟ್ಟಿನ ಮಾತೂ ಬಂತು. ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು. ನಮ್ಮ ಕಡೆ ಕೈಕಾಲು ಮುರಿದರೆ ಇಂದಿಗೂ ಬಸ್ಸು ಹತ್ತಿ ಅಲ್ಲಿಗೆ ಹೋಗಿ ಮೊಟ್ಟೆಯ ಲೋಳೆ, ಸೊಪ್ಪಿನ ಪುಡಿ, ಬಿದಿರು ದಬ್ಬೆ ಇಟ್ಟು ಕಟ್ಟಿಸಿಕೊಂಡು ಬರುವವರಿದ್ದಾರೆ. "ಮುರಿದಿದ್ದನ್ನ ಕಟ್ತಾರೆ, ಮುರೀದೇ ಇರೋದನ್ನ ಏನಂತ ಕಟ್ತಾರಪ್ಪಾ?" ಎಂದು ದೊಡ್ಡಮ್ಮ ಕೇಳಿದ್ದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ.

ಕೊನೆಗೆ ಕೋಲಾರದ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಚಿ, ಮುಷ್ಟಿಯನ್ನು ಕಿರುಬೆರಳ ಕಡೆಗೆ ಬಾಗಿಸಿ ಅಂದರು. ದೊಡ್ಡಮ್ಮ ಹೊರಗೆ ಕೂತ ರೋಗಿಗಳೆಲ್ಲ ಎದ್ದು ನಿಲ್ಲುವ ಹಾಗೆ ಕಿರುಚಿದಳು. ಡಾಕ್ಟರಿಗೆ ಬಹಳ ಸಂತೋಷವಾಯಿತು. 1895ರಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕೆರ್ವೇನ್ ವಿವರಿಸಿದ ಕಾಯಿಲೆ ಇದು, ಹೆಸರೂ ಅವರದೇ. ಸಿನಿಮಾ ಹಾಡು ಕೇಳಿ ಬೆಳೆದ ದೊಡ್ಡಮ್ಮ ಅದನ್ನು ಅಲ್ಲಿಯೇ "ಕೀರವಾಣಿ ಕಾಯಿಲೆ" ಮಾಡಿಕೊಂಡಳು.

ಊರವರು ನರ ಅಂದದ್ದು ನರವಲ್ಲ, ಸ್ನಾಯುರಜ್ಜು. ಹೆಬ್ಬೆರಳನ್ನು ಆಡಿಸುವ ಎರಡು ರಜ್ಜುಗಳು ಮಣಿಕಟ್ಟಿನಲ್ಲಿ ಒಂದೇ ಇಕ್ಕಟ್ಟಾದ ಕವಚದೊಳಗೆ ಜಾರಬೇಕು. ಹಿಡಿದದ್ದನ್ನೇ ಹಿಡಿದು, ಹಿಂಡಿದ್ದನ್ನೇ ಹಿಂಡಿದರೆ ಕವಚ ದಪ್ಪವಾಗುತ್ತದೆ; ನೆನೆದು ಬಿಗಿದ ಲಂಗದ ಪಟ್ಟಿಯಲ್ಲಿ ಲಾಡಿ ಸಿಕ್ಕಿಕೊಂಡ ಹಾಗೆ ರಜ್ಜು ಅಲ್ಲೇ ತಡೆಯುತ್ತದೆ. ಉರಿಯೂತ ಎನ್ನುವುದು ರೂಢಿ. ಬೆಂಕಿಗಿಂತ ಸವೆತವೇ ಹೆಚ್ಚು ಎಂದು ಈಗಿನ ವೈದ್ಯರು ಹೇಳುತ್ತಾರೆ. ಮಗುವನ್ನು ಕಂಕುಳಿಗೆ ಕೈಕೊಟ್ಟು ಎತ್ತೆತ್ತಿ ಬಾಣಂತಿಯರಿಗೂ ಇದು ಬರುತ್ತದಂತೆ.

ಹಾಗೆ ನೋಡಿದರೆ ಜಿಲ್ಲೆಯೇ ಹೆಬ್ಬೆರಳ ಮೇಲೆ ನಿಂತಿದೆ. ಮಾಲೂರಿನಲ್ಲಿ ಹೂ ಕಟ್ಟುವವರು ಮೊಳಗಟ್ಟಲೆ ಗಂಟು ಹಾಕುವುದು ಯಾವುದರಿಂದ? ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಟೊಮೆಟೊ ಬಾಕ್ಸಿನ ಬೆಲೆ 2023ರ ಜುಲೈನಲ್ಲಿ ಎರಡು ಸಾವಿರ ರೂಪಾಯಿ ದಾಟಿದಾಗ ಪತ್ರಿಕೆಗಳು ಬಾಕ್ಸನ್ನು ಹೊಗಳಿದವು, ಅದನ್ನು ಎತ್ತುವ ಹಮಾಲಿಯ ಬೆರಳನ್ನಲ್ಲ. ಮುಳಬಾಗಿಲಿನಲ್ಲಿ ನನಗೆ ಪರಿಚಯದ ದೋಸೆ ಭಟ್ಟರೊಬ್ಬರಿಗೆ ಬೆಳಗ್ಗೆ ಎದ್ದಾಗ ಉಂಗುರದ ಬೆರಳು ಮಡಿಚಿಕೊಂಡೇ ಇರುತ್ತದೆ. ಬಿಡಿಸಿದರೆ ಟಕ್ ಎಂದು ಸದ್ದು. ಅದು ಟ್ರಿಗರ್ ಫಿಂಗರ್, ಸಕ್ಕರೆ ಕಾಯಿಲೆಯವರಿಗೆ ಹೆಚ್ಚು. ಅವರಿಗೂ ಸಕ್ಕರೆ ಇದೆ, ದೋಸೆಗೆ ತುಪ್ಪ ಸುರಿಯುವ ಕೈ ಮಾತ್ರ ಹಿಡಿತಕ್ಕೆ ಸಿಗದು. ಬರೆಯುವ ಕೈಗಳೂ ನಮ್ಮಲ್ಲಿ ಕಡಿಮೆಯೇನಲ್ಲ. ಮುಳಬಾಗಿಲಿನ ಡಿವಿಜಿ, ಮಾಲೂರು ತಾಲೂಕಿನ ಮಾಸ್ತಿಯವರು ರಾಶಿ ರಾಶಿ ಬರೆದರು, ಮಾಸ್ತಿಯವರಿಗೆ ಜ್ಞಾನಪೀಠವೇ ಬಂತು. ಹಿಟ್ಟು ತಿರುವಿದ ಕೈಗೆ ಬರುವುದು ಬ್ಯಾಂಡೇಜು.

ಎಲ್ಲ ಕೈನೋವೂ ರಜ್ಜಿನದೇ ಅಂದುಕೊಳ್ಳಬಾರದು. ರಾತ್ರಿ ಹೊತ್ತು ಬೆರಳು ಜೋಮು ಹಿಡಿದರೆ ಅದು ನಿಜವಾಗಿ ನರದ್ದೇ ತಂಟೆ. ಬೆನ್ನು, ಮಂಡಿ, ಕೈ ಎಲ್ಲ ಬಿಗಿಯುತ್ತಿದ್ದರೆ ನಮ್ಮ ಬೋರ್‌ವೆಲ್ಲುಗಳ ಫ್ಲೋರೈಡನ್ನೂ ಅನುಮಾನಿಸಬೇಕಾಗುತ್ತದೆ.

ದೊಡ್ಡಮ್ಮನ ಕಾಯಿಲೆಗೆ ಚಿಕಿತ್ಸೆ ಸರಳ: ಹೆಬ್ಬೆರಳು ಅಲುಗದಂತೆ ಕೆಲವು ವಾರ ಪಟ್ಟಿ, ಸ್ವಲ್ಪ ನೋವಿನ ಔಷಧಿ. ಬಗ್ಗದಿದ್ದರೆ ಕವಚದೊಳಗೆ ಒಂದು ಸ್ಟೆರಾಯ್ಡ್ ಇಂಜೆಕ್ಷನ್. ಅದು ಬಹಳ ಜನಕ್ಕೆ ಹಿಡಿಯುತ್ತದೆ, ಸಕ್ಕರೆಯವರಿಗೆ ಮಾತ್ರ ಕೆಲವು ದಿನ ಸಕ್ಕರೆ ಏರುತ್ತದೆ. ಅದಕ್ಕೂ ಮಣಿಯದಿದ್ದರೆ ಆ ಜಾಗವಷ್ಟನ್ನೇ ಮರಗಟ್ಟಿಸಿ ಕವಚವನ್ನು ಬಿಡಿಸುವ ಪುಟ್ಟ ಆಪರೇಷನ್. ಇಷ್ಟೆಲ್ಲ ಕೇಳಿ ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಹಾಲು ಯಾರು ಕರೀತಾರೆ?"

ದೊಡ್ಡಪ್ಪನೇ ಬಕೆಟ್ಟು ಹಿಡಿದು ಕೂತರು. ಸೀಮೆಹಸು ತಿರುಗಿ ನೋಡಿ, ಗುರುತಿಲ್ಲದ ಕೈಗೆ ಸೊರ ಬಿಡಲಿಲ್ಲ. ದೊಡ್ಡಪ್ಪನದು ಹೆಬ್ಬೆರಳು ಮಡಿಚಿ ಹಿಂಡುವ ಪದ್ಧತಿ. ಮೊಲೆಗೆ ಪೆಟ್ಟು, ಮುಷ್ಟಿ ತುಂಬ ಹಿಡಿದು ಕರೆಯಿರಿ ಎಂದು ಪಶುವೈದ್ಯರು ಹೇಳುವುದು ಇದಕ್ಕೇ. ಪಟ್ಟಿ ಕಟ್ಟಿದ ಕೈಯಲ್ಲೇ ದೊಡ್ಡಮ್ಮ ಪಕ್ಕದಲ್ಲಿ ನಿಂತು ಪಾಠ ಹೇಳಿದಳು. ಮೊದಲು ಡೈರಿಯ ಅಳತೆ ಇಳಿಯಿತು, ಆಮೇಲೆ ಏರಿತು. ಮುದ್ದೆಯಲ್ಲಿ ಗಂಟು ಇದ್ದೇ ಇತ್ತು, ತಿರುವಿದವರೇ ತಿನ್ನಬೇಕಾದ್ದರಿಂದ ಯಾರೂ ದೂರಲಿಲ್ಲ.

ಮೊನ್ನೆ ಮತ್ತೆ ತೋರಿಸಲು ಹೋದಾಗ ನೋವಿಲ್ಲ, ಪಟ್ಟಿ ಬಿಚ್ಚಬಹುದು ಎಂದರು ಡಾಕ್ಟರು. ಬಸ್ಸಿನಲ್ಲಿ ದೊಡ್ಡಮ್ಮ ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿದುಕೊಂಡು ನನ್ನ ಕಡೆ ತಿರುಗಿದಳು. "ಮಾವಿನ ಕಾಲ ಮುಗೀಲಿ ಕಣೋ, ನಿಮ್ಮ ದೊಡ್ಡಪ್ಪಂಗೆ ಏನೂ ಹೇಳಬೇಡ."