ಹೆಗಲನ್ನೂ ಒಂದು ಮಾತು ಕೇಳಿ

ಹಸು ಕೊಳ್ಳಲು ಹೋದವನು ಹಾಲೆಷ್ಟು ಎಂದು ಕೇಳುವುದಕ್ಕೆ ಮುಂಚೆ ಒದೆಯುತ್ತದೆಯೇ ಎಂದು ವಿಚಾರಿಸುತ್ತಾನೆ. ಬೇಟೆಯ ರೈಫಲ್ ಕೊಳ್ಳುವವನಿಗೆ ಅಷ್ಟು ಲೋಕಜ್ಞಾನವಿಲ್ಲ. ಅಮೆರಿಕದಲ್ಲಿ ಜಿಂಕೆ ಬೇಟೆಗೆ ಹೊರಟವನು, ಅಕಸ್ಮಾತ್ ಕರಡಿ ಎದುರಾದರೆ ಎಂದುಕೊಂಡು .300 ವಿಂಚೆಸ್ಟರ್ ಮ್ಯಾಗ್ನಂ ಕೊಂಡು ತರುತ್ತಾನೆ. ಕರಡಿ ಬರುವುದಿಲ್ಲ. ಒದೆತ ಮಾತ್ರ ಪ್ರತಿ ಈಡಿಗೂ ತಪ್ಪದೆ ಬರುತ್ತದೆ.

ಲೆಕ್ಕ ನ್ಯೂಟನ್ನನದು. ಗುಂಡು ಭಾರವಾದಷ್ಟೂ ಮದ್ದು ಹೆಚ್ಚಿದಷ್ಟೂ ಕೋವಿ ಜೋರಾಗಿ ಹಿಂದಕ್ಕೆ ನುಗ್ಗುತ್ತದೆ. ಕೋವಿಯೇ ಹಗುರವಾದರಂತೂ ಕೇಳುವುದೇ ಬೇಡ. ಒಂದೇ ತೂಕದ ಕೋವಿಯಲ್ಲಿ ಚಿಕ್ಕ ತೋಟಾವಾದ .243 ವಿಂಚೆಸ್ಟರಿಗಿಂತ ಈ ಮ್ಯಾಗ್ನಂನ ಒದೆತದ ಶಕ್ತಿ ಎರಡು ಪಟ್ಟಿಗೂ ಮಿಗಿಲು.

ಹೆಗಲ ನೋವು ನಾಲ್ಕು ದಿನದ್ದು, ಒಳಗೆ ಕೂತ ಅಂಜಿಕೆ ಹಾಗಲ್ಲ. ಅದನ್ನು ಹಿಡಿಯಲು ಗುರಿ ಕಲಿಸುವವರಲ್ಲಿ ಒಂದು ಉಪಾಯವಿದೆ. ನಿಜವಾದ ತೋಟಾಗಳ ನಡುವೆ ಮದ್ದಿಲ್ಲದ್ದೊಂದನ್ನು ಗೊತ್ತಾಗದಂತೆ ಸೇರಿಸಿಬಿಡುತ್ತಾರೆ. ಟ್ರಿಗರ್ ಎಳೆದರೆ ಬರೀ ‘ಟಿಕ್’. ಆದರೂ ನಮ್ಮ ಶೂರನ ಕಣ್ಣು ಮುಚ್ಚಿರುತ್ತದೆ, ನಳಿಗೆಯ ತುದಿ ನೆಲದತ್ತ ಬಾಗಿರುತ್ತದೆ. ಇಷ್ಟಾದ ಮೇಲೆ ಅವನು ಎಷ್ಟು ದೊಡ್ಡ ತೋಟಾ ಹಾಕಿದರೇನು, ಜಿಂಕೆ ನಿಶ್ಚಿಂತೆಯಿಂದ ಮೇಯಬಹುದು.

ತೋಟಾದ ಗಾತ್ರಕ್ಕಿಂತ ಗುರಿ ದೊಡ್ಡದೆಂಬುದನ್ನು ಸ್ವೀಡನ್ನಿನವರು ಬಹಳ ಹಿಂದೆಯೇ ಅರಿತಿದ್ದಾರೆ. ನಾಲ್ಕು ಕ್ವಿಂಟಲ್ ದಾಟಬಲ್ಲ ಮೂಸ್‌ಗೆ ಅವರ ಹಳೆಯ 6.5×55 ತೋಟಾದ ಒಂಬತ್ತು ಹತ್ತು ಗ್ರಾಂ ಗುಂಡು ಇವತ್ತಿಗೂ ಸಾಕು. ಚಂಪಾವತದ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಬಂದದ್ದು ಸೌಮ್ಯ ಸ್ವಭಾವದ .275 ರಿಗ್ಬಿ. ಆಫ್ರಿಕಾದಲ್ಲಿ ಬೇಟೆಗಾರ ಕರಮೋಜೋ ಬೆಲ್ ಕೊಂದ ಸಾವಿರಕ್ಕೂ ಹೆಚ್ಚು ಆನೆಗಳಲ್ಲಿ ಬಹುಪಾಲು ಬಿದ್ದದ್ದು ಇದೇ ತೋಟಾಕ್ಕೆ. ಆತ ಆನೆಯ ತಲೆಬುರುಡೆಯನ್ನು ಗರಗಸದಿಂದ ಕೊಯ್ದು, ಮಿದುಳು ಎಲ್ಲಿದೆಯೆಂದು ನೋಡಿಕೊಂಡಿದ್ದ. ಅಷ್ಟು ಓದಿಕೊಂಡವನಿಗೆ ದೊಡ್ಡ ಸದ್ದಿನ ಹಂಗೇಕೆ? ಆನೆಗಳ ಪಾಲಿಗೆ ಮಾತ್ರ ಅವನು ಓದದಿದ್ದರೇ ಚೆನ್ನಾಗಿತ್ತು.

ನಮ್ಮ ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ನೆಚ್ಚಿಕೊಂಡದ್ದು .405 ವಿಂಚೆಸ್ಟರನ್ನು. ಅದು ಒದೆತಕ್ಕೇ ಹೆಸರಾದದ್ದು. ಆದರೆ ಎದುರಿಗೆ ನರಭಕ್ಷಕ ನಿಂತಿರುವಾಗ ಹೆಗಲಿನ ದೂರನ್ನು ಯಾರು ಕೇಳುತ್ತಾರೆ? ಒದೆತ ಕಾಡುವುದು ಪುರುಸೊತ್ತಿನಲ್ಲಿ, ಹಲಗೆಗೆ ಗುರಿಯಿಟ್ಟು ಅಭ್ಯಾಸ ಮಾಡುವಾಗ. ನೋವಿಗೆ ಹೆದರಿ ಅಭ್ಯಾಸ ಬಿಟ್ಟರೆ ಕಾಡಿನಲ್ಲಿ ಗುರಿ ತಪ್ಪುತ್ತದೆ, ಗಾಯಗೊಂಡ ಪ್ರಾಣಿ ಪೊದೆ ಸೇರಿ ನರಳುತ್ತದೆ. ನೂರು ಸಲ ಹಾರಿಸಿಯೂ ನೂರೊಂದನೆಯದಕ್ಕೆ ಮನಸ್ಸಾಗುವ ತೋಟಾವೇ ಸರಿಯಾದ ತೋಟಾ.

1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ನಮ್ಮ ಕಡೆ ಶಿಕಾರಿ ನಡೆಯಬೇಕಾದದ್ದು ಕಾಫಿ ಲೋಟದ ಮುಂದೆ ಮಾತ್ರ. ಮಾತಿನ ಕೋವಿಗೆ ಒದೆತವಿಲ್ಲ. ಅಲ್ಲಿ ಎಲ್ಲರ ಕೈಯಲ್ಲೂ ಮ್ಯಾಗ್ನಂ.